ಸೇಲಂ ಬಿಸಿ, ಏರ್ಕಾಡ್ ತಂಪು

ಏಪ್ರಿಲ್ 11, ಮಧ್ಯಾಹ್ನ
ಇವತ್ತೂ ಸಾರಿಗೆ ಉಪ್ಪು ಮರೆತೆ. ಲೆಕ್ಕದಲ್ಲಿ 273 ಮರೆತೆ. ಸೆಲ್ಸಿಯಸ್ಸಿಗೆ ಅದನ್ನು ಕೂಡಿಸಿ ಕೆಲ್ವಿನ್ ಮಾಡದಿದ್ದರೆ ಉತ್ತರವೆಲ್ಲ ಢಮಾರ್. ನಾನು ಗೊಣಗಿ ಗೊಣಗಿ, ಓದು ಬಾರದ ಅತ್ತೆಗೂ ಅದು ಬಾಯಿಪಾಠ. "ಲೇ ಸಂಗೀತಾ, ಗ್ಯಾನ ಎಲ್ಲೈತೆ ನಿಂಗೆ?" ಎರಡಕ್ಕೂ ಒಂದೇ ಬೈಗುಳ.

ಡಿಪ್ಲೊಮಾದಲ್ಲಿ ಉಳಿದಿರುವುದು ಥರ್ಮಲ್ ಎಂಜಿನಿಯರಿಂಗ್ ಪೇಪರ್ ಒಂದೇ. ಎರಡು ಸಲ ಡುಮ್ಕಿ. ಈ ಸಲವೂ ಹೋದರೆ ಪುಸ್ತಕ ಕಟ್ಟಿಟ್ಟು ದಿನವಿಡೀ ಮಗ್ಗಕ್ಕೆ ಕೂರುತ್ತೇನೆ — ಗಂಡನಿಗೆ ಮಾತು ಕೊಟ್ಟಾಗಿದೆ.

ಏಪ್ರಿಲ್ 14
ನಾನೇ ಒಂದು ಲೆಕ್ಕ ಮಾಡಿಕೊಂಡೆ. ನಮ್ಮ ಸೇಲಂ 40 ಡಿಗ್ರಿ, ಮೇಲಿನ ಬೆಟ್ಟದೂರು ಏರ್ಕಾಡ್ 20. ನಡುವೆ ಓಡುವ ಒಂದು ಐಡಿಯಲ್ ಎಂಜಿನ್. ಅಂತರ 20, ಅದನ್ನು 40ರಿಂದ ಭಾಗಿಸಿದರೆ ಎಫಿಷಿಯೆನ್ಸಿ 50 ಪರ್ಸೆಂಟ್! ಕುಣಿದೆ.

ಮಗ್ಗದಿಂದಲೇ ಅತ್ತೆ, "ಇನ್ನೂರ ಎಪ್ಪತ್ಮೂರು ಸೇರ್ಸಿದ್ಯಾ?"

ಅಯ್ಯೋ. 313, 293... ಬರೀ 6.4 ಪರ್ಸೆಂಟ್.

"ನೂರು ಪಾಲು ಬಿಸಿ ಕೊಟ್ರೆ ಆರೇ ಪಾಲು ಕೆಲ್ಸವಾ? ಮಿಕ್ಕಿದ್ದು?"

"ಏರ್ಕಾಡಿಗೆ ಬಿಡ್ಬೇಕು ಅತ್ತೆ. ಬಿಡದಿದ್ರೆ ಎಂಜಿನ್ ಒಂದು ಸುತ್ತೂ ಮುಗಿಸಲ್ಲ, ನಿಂತೋಗುತ್ತೆ."

ಅತ್ತೆ ಯೋಚಿಸಿದರು. "ಸರಿ ಬುಡು. ನಾನು ನಿನ್ನ ಬೈಯೋದೂ ಅದ್ಕೇಯ."

ನಕ್ಕೆ. ಆಮೇಲೆ ನಗು ಬರಲಿಲ್ಲ. ಬೆಳಗಿನಿಂದ ಮಗ್ಗ ತುಳಿಯುವ ಜೀವ. ಬಿಸಿ ಎಲ್ಲಿಗೆ ಬಿಡಬೇಕು?

ಏಪ್ರಿಲ್ 23
ನನ್ನ ಪಾಲಿನ ನೇಯ್ಗೆಯೂ ಈಗ ಅತ್ತೆಯದೇ. ಶೀಟಿನ ಸೂರು, ಒಳಗೆ ಕಾದ ಕಾವಲಿ. ನಾನು ಎದ್ದು ಮಗ್ಗದ ಹತ್ತಿರ ಹೋದರೆ "ಓಗಲೇ, ಓದ್ಕೋ ಓಗು" ಎಂದು ಅಟ್ಟುತ್ತಾರೆ.

ಮೇ 2
ಪರೀಕ್ಷೆ ಮುಗಿಸಿ ಬಂದರೆ ಮನೆಗೆ ಬೀಗ. ಅತ್ತೆ ಮಗ್ಗದ ಮೇಲೇ ಕುಸಿದರಂತೆ. ಝಳ ಹೊಡೆದಿದೆ. ಆಸ್ಪತ್ರೆಯಲ್ಲಿ ಡ್ರಿಪ್ಸ್.

273 ಸೇರಿಸಿದೆನಾ? ನೆನಪಾಗುತ್ತಿಲ್ಲ. ಹಾಳಾಗಲಿ.

ಮೇ 9
ಅತ್ತೆ ಮನೆಗೆ ಬಂದರು. ಬೈಯುತ್ತಿಲ್ಲ. ಹಾಕಿದ್ದನ್ನು ತಿಂದು ಗೋಡೆ ಕಡೆ ತಿರುಗುತ್ತಾರೆ. ನಮ್ಮವರು, "ಚುಮ್ಮಾ ಇರು, ಹೆದರ್ಬೇಡ, ಸರಿಯಾಗ್ತಾರೆ" ಎನ್ನುತ್ತಾರೆ. ನನಗೆ ಭಯ. ನನ್ನ ಪರೀಕ್ಷೆಗಾಗಿ ಹೀಗಾಯಿತು.

ಜೂನ್ 13
ರಿಸಲ್ಟ್ ಬಂತು. ಥರ್ಮಲ್ — ಪಾಸ್! ಅತ್ತೆಗೆ ಊಟ ಬಡಿಸುತ್ತಲೇ ಹೇಳಿದೆ. ಒಂದು ತುತ್ತು ಬಾಯಿಗಿಟ್ಟರು. ಮುಖ ಕಿವುಚಿದರು.

"ಲೇ! ಲೆಕ್ಕಕ್ಕೆ ಸೇರ್ಸಿದ್ಯಾ, ಸರಿ. ಸಾರಿಗೆ ಉಪ್ಪು ನಿಮ್ಮಪ್ಪ ಬಂದು ಸೇರಿಸ್ತಾನಾ?"

ಅಡುಗೆಮನೆಗೆ ಓಡಿ ಬಂದು ಅತ್ತುಬಿಟ್ಟೆ. ಅತ್ತುಕೊಂಡೇ ನಗು. ಅತ್ತೆ ಮತ್ತೆ ಕೂಗುತ್ತಿದ್ದಾರೆ, ಇನ್ನೂ ಜೋರಾಗಿ. ಕೂಗಲಿ. ಉಪ್ಪಿನ ಡಬ್ಬಿ ಎಲ್ಲಿ—