ಮರಿಯಮ್ಮ ಮುಚ್ಚಿಕೊಂಡ ಅಂಗೈ

೧೨ ಫೆಬ್ರವರಿ, ಬುಧವಾರ

ಮಧ್ಯಾಹ್ನದ ಆ ಕೊಲೆ ಸಿನಿಮಾ ತಲೆಯಿಂದ ಹೋಗುತ್ತಿಲ್ಲ. ಕೊಬ್ಬರಿ ಸುಲಿಯಲು ಬರುವ ಮರಿಯಮ್ಮನನ್ನೂ ಊಟವಾದ ಮೇಲೆ ಟೀವಿ ಮುಂದೆ ಕೂರಿಸಿಕೊಂಡಿದ್ದೆ. ಸತ್ತವನು ತೋಟದ ಸಾಹುಕಾರ. ನಿರ್ದೇಶಕ ಬಡವರ ಪರವೇ, ಅವರ ಕಷ್ಟವನ್ನು ಮನಸ್ಸಿಟ್ಟು ತೋರಿಸಿದ್ದಾನೆ, ಅದನ್ನು ಅಲ್ಲಗಳೆಯಲಾರೆ. ಆದರೆ ಇನ್‌ಸ್ಪೆಕ್ಟರ್ ಕೂಲಿಯವರನ್ನು ಸಾಲಾಗಿ ನಿಲ್ಲಿಸಿ ಅಂಗೈ ನೋಡಿದ. ಮಚ್ಚು ಹಿಡಿದು ಜಡ್ಡುಗಟ್ಟಿದ ಕೈಯವನೇ ಕೊಲೆಗಾರ.

“ಎಷ್ಟು ಚುರುಕು ನೋಡು” ಎಂದು ನಾನು ಮೆಚ್ಚಿಕೊಂಡೆ. ಮರಿಯಮ್ಮ ಮೆಲ್ಲಗೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಹಂಗಾರೆ ನಮ್ಮ ಕೇರೀಲಿ ಎಲ್ರುನ್ನೂ ಹಿಡ್ಕಂಡೋಗ್ಬೇಕಾಯ್ತದೆ ಕಣ್ರಮ್ಮ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿರ್ದೇಶಕನನ್ನು ಬೈದು ಬರೆಯೋಣವೆಂದೇ ಈಗ ಕೂತೆ. ಆದರೆ ಸಂಜೆಯದೇ ನೆನಪಾಗುತ್ತಿದೆ. ಕೆಲಸದವರು ಹೊರಡುವಾಗ ಮಚ್ಚುಗಳನ್ನು ಎಣಿಸಿ ಒಳಗಿಡುವುದು ನಮ್ಮತ್ತೆಯ ಕಾಲದ ಪದ್ಧತಿ. ಇವತ್ತೂ ಎಣಿಸಿದೆ. ಮುಗಿಯುವವರೆಗೆ ಮರಿಯಮ್ಮ ಎಂದಿನಂತೆ ಜಗಲಿಯ ಕೆಳಗೆ ಕಾಯುತ್ತ ನಿಂತಿದ್ದಳು. ಐದೂ ಇದ್ದವು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕಡಿಮೆ ಬಂದಿಲ್ಲ. ಆದರೂ ನಾಳೆ ಎಣಿಸದೆ ಬಾಗಿಲು ಹಾಕಿಕೊಳ್ಳುತ್ತೇನೆಂದು ಬರೆಯಲು ಕೈ ಬರುತ್ತಿಲ್ಲ.