ಪಕ್ಕದ ಕೋಣೆಯವನು

ಸೋಮವಾರ ಬೆಳಗ್ಗೆ,
ಹೊಲಿಗೆ ಅಂಗಡಿಯಿಂದ

ನನ್ನ ಹಟಮಾರಿ ಅಕ್ಕನಿಗೆ,

ನಿನ್ನ ತಂಗಿಯ ಪ್ರೀತಿ, ಮುನಿಸು ಎರಡನ್ನೂ ಈ ಲಕೋಟೆಯಲ್ಲೇ ಕಳಿಸಿದ್ದೇನೆ. ನೋಡಿದ ಕೂಡಲೇ ನಿನಗೆ ನಗು ಬಂದಿರಬೇಕು. ಬರದಿದ್ದರೂ ಬಂತೆಂದೇ ನಾನು ಅಂದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಬ್ಲಾಗಿಗರ ಕೂಟದಲ್ಲಿ ಕೂತು ಆನ್‌ಲೈನ್ ಮಾಧ್ಯಮ, ತಂತ್ರಜ್ಞಾನ ಎಂದು ಗಂಟೆಗಟ್ಟಲೆ ಕೊರೆಯುವವಳು ಅಂಚೆಚೀಟಿಗೆ ಅಂಟು ಹಚ್ಚುತ್ತ ಕೂತಿದ್ದೇನೆ. ಏನು ಮಾಡಲಿ, ಫೋನು ಮಾಡಿದರೆ ‘ಹೂಂ’, ‘ಚೆನ್ನಾಗಿದೀನಿ’, ‘ಇಡ್ತೀನಿ’, ಇಷ್ಟೇ ನಿನ್ನ ಮಾತು. ಮೇಲ್ ತೆರೆಯುವುದಿಲ್ಲ. ಭಾವ ಹೋದಮೇಲೆ ಲ್ಯಾಪ್‌ಟಾಪಿನ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದೀಯ, ಕಣ್ಣಾರೆ ನೋಡಿದ್ದೇನೆ. ಕಾಗದವಾದರೆ ಒಡೆಯದೆ ಇರಲಾರೆ. ಚಿಕ್ಕಂದಿನಲ್ಲಿ ಮನೆಗೆ ಯಾರ ಹೆಸರಿಗೆ ಲಕೋಟೆ ಬಂದರೂ ಮೊದಲು ಒಡೆಯುತ್ತಿದ್ದವಳು ನೀನೇ ತಾನೇ.

ನಿನ್ನೆ ಕೂಟ ಇತ್ತು. ಅದೇ ಕನ್ನಡಕದ ಅಂಗಡಿ, ಭಾನುವಾರದ ರಜೆಗೆ ಅರ್ಧ ಎಳೆದ ಅದೇ ಶಟರು, ಬಗ್ಗಿ ಒಳಗೆ ನುಗ್ಗುವಾಗ ಸೊಂಟ ಹಿಡಿದುಕೊಂಡು ಎಲ್ಲರೂ ಆಡುವ ಅದೇ ಮಾತು. ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಫಲಕವನ್ನು ಇನ್ನೂ ತೆಗೆದಿಲ್ಲ. ಪ್ರೊಜೆಕ್ಟರಿನ ಬೆಳಕು ಅದರ ಮೇಲೇ ಬೀಳುವುದರಿಂದ ಯಾರ ಬ್ಲಾಗು ತೋರಿಸಿದರೂ ನಡುವೆ ಒಂದು ದಪ್ಪ ಅಕ್ಷರ ಇಣುಕುತ್ತದೆ. ಕನ್ನಡಕದವರು ‘ಮುಂದಿನ ತಿಂಗಳು ತೆಗೀತೀನಿ’ ಎಂದು ಈ ಸಲವೂ ಮಾತು ಕೊಟ್ಟರು.

ಕಂಡಕ್ಟರು ತಮ್ಮ ಬಸ್ಸಿನ ಕಥೆಗಳ ಬ್ಲಾಗಿಗೆ ಓದುಗರೇ ಇಲ್ಲ ಎಂದು ಗೋಳು ತೋಡಿಕೊಂಡರು. ವಿಡಿಯೊ ಮಾಡುವ ನಮ್ಮ ಹುಡುಗಿ, ‘ಈಗ ಯಾರು ಓದ್ತಾರೆ ಅಂಕಲ್, ಮುಖ ತೋರ್ಸಿ, ನೋಡ್ತಾರೆ’ ಅಂದಳು. ನನ್ನ ಮುಖ ನೋಡಿದರೆ ಹತ್ತಿದವರೂ ಇಳಿದು ಹೋಗ್ತಾರಮ್ಮ ಎಂದರು ಅವರು. ನೀನಿದ್ದಿದ್ದರೆ ಇಬ್ಬರಿಗೂ ಒಂದೊಂದು ಬಾರಿಸುತ್ತಿದ್ದೆ. ತಂಪು ಕನ್ನಡಕಗಳ ಸ್ಟ್ಯಾಂಡಿನ ಕೆಳಗಿನ ನಿನ್ನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಲ್ಲ, ಆದರೂ ಕೂರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ಲಾಗುಗಳನ್ನು ಇಟ್ಟುಕೊಂಡಿದ್ದ ಕಂಪನಿ ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದೆ, ಅದು ನಿನಗೆ ಗೊತ್ತು. ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗದಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನಿನಗೆ ಫೋನು ಮಾಡಿ ಹೇಳಿದಾಗ ಪಾಸ್‌ವರ್ಡ್ ಕೊಟ್ಟು, ‘ಬೇಕಿದ್ರೆ ಎತ್ಕೋ, ಇಲ್ದಿದ್ರೆ ಮುಳುಗ್ಲಿ ಬಿಡು’ ಅಂದೆಯಲ್ಲ, ಆ ಮಾತಿಗೆ ನನಗೆ ಇನ್ನೂ ಸಿಟ್ಟಿದೆ. ಪಾಲಿಟೆಕ್ನಿಕ್ಕಿನಲ್ಲಿ ಅಷ್ಟು ವರ್ಷ ವರ್ಕ್‌ಶಾಪ್ ಪಾಠ ಮಾಡಿದವಳು, ಮನೆಯಲ್ಲಿ ಕೆಟ್ಟ ಒಂದೊಂದು ಸಾಮಾನನ್ನೂ ಬಿಚ್ಚಿ, ಜೋಡಿಸಿ, ಅದರ ಬಗ್ಗೆ ಬರೆದವಳು, ತನ್ನ ಬ್ಲಾಗನ್ನು ಮಾತ್ರ ಗುಜರಿಗೆ ಹಾಕು ಅಂತಾಳೆ. ಹಾಕುವುದಿಲ್ಲ, ಏನೀಗ?

ಹಾಗಾಗಿ ನಿನ್ನೆ ಕೂಟದಲ್ಲಿ ಭಾಷಣ ಬದಿಗಿಟ್ಟು ನಿನ್ನ ಬ್ಲಾಗು ಸಾಗಿಸಲು ಕೂತೆವು. ಕನ್ನಡಕದವರು ಗುಂಡಿ ಒತ್ತಿದರು, ಚಹಾ ಕುಡಿಯುವಷ್ಟರಲ್ಲಿ ಎಲ್ಲ ಹೊಸ ಜಾಗಕ್ಕೆ ಬಂತು. ನಾವು ಚಪ್ಪಾಳೆಯನ್ನೂ ತಟ್ಟಿದೆವು. ಆಮೇಲೆ ಹುಡುಗಿ, ಆಂಟಿ, ಕೆಳಗೆ ಖಾಲಿ ಇದೆಯಲ್ಲಾ ಎಂದಳು. ನೋಡಿದರೆ ಬರಹಗಳಷ್ಟೇ ಬಂದಿದ್ದವು. ಕಾಮೆಂಟುಗಳು ಹಳೆಯ ಮನೆಯಲ್ಲೇ ಉಳಿದಿದ್ದವು. ಅವನ್ನು ಸಾಗಿಸುವ ಸೌಲಭ್ಯ ಆ ಕಂಪನಿ ಕೊಟ್ಟೇ ಇಲ್ಲವಂತೆ.

ಕನ್ನಡಕದವರು, ಹೋಗಲಿ ಬಿಡಿ, ಮುಖ್ಯವಾದದ್ದು ಬಂತಲ್ಲ ಅಂದರು. ಅವರಿಗೇನು ಗೊತ್ತು. ಭಾವ ಒಂದು ದಿನವೂ ಶಟರಿನಡಿ ಬಗ್ಗಿ ಒಳಗೆ ಬಂದವರಲ್ಲ. ನಿನ್ನನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ಮುಗಿಯುವ ಹೊತ್ತಿಗೆ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿದ್ದರು, ಅಷ್ಟೇ ಇವರಿಗೆಲ್ಲ ಪರಿಚಯ. ನಾನು ನಿನ್ನ ಮಿಕ್ಸಿ ರಿಪೇರಿಯ ಪೋಸ್ಟು ತೆಗೆದು ಕಂಡಕ್ಟರಿಗೆ ತೋರಿಸಿ, ಇದರ ಕೆಳಗಿನದನ್ನು ಸ್ವಲ್ಪ ಗಟ್ಟಿಯಾಗಿ ಓದಿ ಅಂದೆ.

ಸ್ಟಾಪಿನ ಹೆಸರು ಕೂಗುವ ಗಂಟಲಿನಲ್ಲಿ ಅವರು ಓದಿದರು: ‘ಲೇಖಕಿಯವರು ಅರ್ಧ ಗಂಟೆಯಲ್ಲಿ ಮಿಕ್ಸಿ ಸರಿಮಾಡಿದ್ದಾಗಿ ಬರೆದಿದ್ದಾರೆ. ಆ ಅರ್ಧ ಗಂಟೆ ಟಾರ್ಚು ಹಿಡಿದು ನಿಂತವನ ಹೆಸರು ಎಲ್ಲಿಯೂ ಕಾಣುತ್ತಿಲ್ಲ. ತಿದ್ದುಪಡಿ ಕೋರಿದೆ. ಇಂತಿ, ಪಕ್ಕದ ಕೋಣೆಯವನು.’

ಅಂಗಡಿಯೆಲ್ಲ ನಗು. ಇನ್ನೊಂದು ಓದಿ, ಇನ್ನೊಂದು ಓದಿ ಎಂದು ಶುರುವಾಯಿತು. ನಲ್ಲಿಯ ಪೋಸ್ಟಿಗೆ ಬರೆದದ್ದು ನೆನಪಿದೆಯಾ? ‘ನಲ್ಲಿ ಈಗಲೂ ತೊಟ್ಟಿಕ್ಕುತ್ತಿದೆ. ಲೇಖಕಿಯವರು ಬರವಣಿಗೆ ನಿಲ್ಲಿಸಿ ಒಮ್ಮೆ ಬಚ್ಚಲುಮನೆಗೆ ಬರಬೇಕು.’ ಮುದ್ರಣಾಲಯದಲ್ಲಿ ಜೀವಮಾನವೆಲ್ಲ ಕರಡು ತಿದ್ದಿದ ಮನುಷ್ಯ, ಹೆಂಡತಿಯ ಬರಹವನ್ನು ಬಿಟ್ಟಾರೆಯೇ? ನೀನು ಈ ಕೋಣೆಯಲ್ಲಿ ಪೋಸ್ಟು ಹಾಕುವುದು, ಅವರು ಆ ಕೋಣೆಯಲ್ಲಿ ಫೋನು ಹಿಡಿದು ತಪ್ಪು ಹುಡುಕುವುದು, ಚಹಾ ಆರುವುದರೊಳಗೆ ಕಾಮೆಂಟು ಬೀಳುವುದು, ನೀನು ಇಲ್ಲಿಂದಲೇ ‘ರೀ’ ಎಂದು ಕೂಗುವುದು. ನಿಮ್ಮ ಮನೆಗೆ ಬಂದಾಗ ಈ ನಾಟಕ ನೋಡಿ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ನಡುವೆ ಇದ್ದದ್ದು ಒಂದು ಗೋಡೆ, ಅದಕ್ಕೂ ಬಾಗಿಲಿತ್ತು.

ಆಮೇಲೆ ಕರೆಗಂಟೆಯ ಪೋಸ್ಟು ಬಂತು. ಮನೆಗೆ ಕರೆಗಂಟೆ ಹಾಕಿದ್ದರ ಬಗ್ಗೆ ನೀನು ತಂತಿ, ಸ್ವಿಚ್ಚು ಎಂದು ಉದ್ದಕ್ಕೆ ಬರೆದಿದ್ದೆ. ಕೆಳಗೆ ಭಾವ ಬರೆದದ್ದನ್ನು ಕಂಡಕ್ಟರು ಅದೇ ದೊಡ್ಡ ಗಂಟಲಿನಲ್ಲಿ ಶುರುಮಾಡಿ ತಗ್ಗಿಸುತ್ತಾ ಹೋದರು: ‘ಗಂಟೆ ಇಲ್ಲದಿದ್ದಾಗ ನೀನು ಬಾಗಿಲು ತಟ್ಟುತ್ತಿದ್ದೆ. ಯಾರು ತಟ್ಟಿದರೂ ಅದು ನೀನೋ ಅಲ್ಲವೋ ನನಗೆ ತಿಳಿಯುತ್ತಿತ್ತು. ಈಗ ಹಾಲಿನವನೂ ನೀನೂ ಒಂದೇ ಥರ ಕೇಳುತ್ತೀರಿ. ಈ ರಿಪೇರಿ ನನಗೆ ಒಪ್ಪಿಗೆಯಿಲ್ಲ.’

ಹುಡುಗಿ ಮೂಗು ಒರೆಸಿಕೊಂಡು, ಇದನ್ನ ಟೈಪ್ ಮಾಡ್ತೀನಿ, ಎಲ್ಲಾನೂ ಮಾಡೋಣ ಅಂದಳು. ಮುಖ ತೋರಿಸಿ ಎಂದವಳು ಅವಳೇ. ಕಂಡಕ್ಟರು ಓದುವುದು, ಹುಡುಗಿ ಒಂದಷ್ಟು, ನಾನು ಒಂದಷ್ಟು ಟೈಪ್ ಮಾಡುವುದು, ಕನ್ನಡಕದವರು ಹೊಸ ಜಾಗದಲ್ಲಿ ಆಯಾ ಪೋಸ್ಟಿನ ಕೆಳಗೆ ಅಂಟಿಸುವುದು. ಕೂಟದ ನಿಯಮವನ್ನು ಅವರು ಕನ್ನಡಿಗೆ ಅಂಟಿಸಿದ್ದಾರಲ್ಲ, ‘ಎದುರಿಗೆ ಹೇಳಲಾಗದ್ದನ್ನು ಕಾಮೆಂಟಿನಲ್ಲೂ ಬರೆಯಬಾರದು’ ಎಂದು, ನಿನ್ನೆ ಅದನ್ನು ನೋಡಿ ತಲೆ ಕೆರೆದುಕೊಂಡರು. ಇದಕ್ಕೊಂದು ವಿನಾಯಿತಿ ಸೇರಿಸಬೇಕು, ಗಂಡಂದಿರಿಗೆ ಎಂದರು.

ಹೀಗೆ ಹೋಗುತ್ತಾ ಕೊನೆಯ ಪೋಸ್ಟಿಗೆ ಬಂದೆವು ಅಕ್ಕ. ಅದನ್ನು ಕಂಡಕ್ಟರಿಗೆ ಓದಲು ಕೊಡಲಿಲ್ಲ. ಇದರ ಕೆಳಗೇನೂ ಇಲ್ಲ, ಬಿಡಿ ಅಂದೆ.

ಆ ದಿನದ ಬಗ್ಗೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಎದೆನೋವನ್ನು ವಾರವಿಡೀ ಗ್ಯಾಸು, ಗ್ಯಾಸು ಎಂದು ಮುಚ್ಚಿಟ್ಟ ಗಂಡನ ಮೇಲೆ ಯಾವ ಹೆಂಡತಿಗಾದರೂ ಸಿಟ್ಟು ಬರುತ್ತದೆ. ಅವರನ್ನು ಸೇರಿಸಿದ್ದ ಆಸ್ಪತ್ರೆಗೆ ನೀನು ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಮಂಚದ ಪಕ್ಕ ಕೂತು, ಒಂದು ಮಾತೂ ಆಡದೆ ಎದ್ದು ಬಂದೆ. ಮನೆಗೆ ಬಂದು ‘ಬಾಯಿ ಬಿಡದ ಗಂಡ’ ಎಂದು ಪೋಸ್ಟು ಹಾಕಿದೆ. ‘ಹೆಂಡತಿ ಹೆದರುತ್ತಾಳೆ ಅಂತ ಹೇಳಲಿಲ್ಲವಂತೆ. ಕರೆಂಟು ತಂತಿಗೇ ಹೆದರದವಳು ನಾನು’ ಎಂದು ಅದರಲ್ಲಿ ಬರೆದಿದ್ದೆ. ಓದಿ ಏನಾದರೂ ತಿದ್ದುತ್ತಾರೆ, ರಾಜಿಯಾಗುತ್ತದೆ ಎಂದು ಕಾದೆ. ಕಾಮೆಂಟು ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅವರೇ ಇರಲಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ನೀನು ಒಂದೇ ಸಲ ಹೇಳಿದ್ದು, ‘ಎಲ್ಲದಕ್ಕೂ ಬರ್ದೋರು ಅದಕ್ಕೆ ಬರೀಲಿಲ್ಲ ಕಣೇ. ನನ್ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ರು’ ಎಂದು. ನಾನು ಹಾಗಲ್ಲ, ಹೀಗಲ್ಲ ಎಂದು ಏನೇನೋ ಸಮಾಧಾನ ಹೇಳಿದೆ. ನೀನು ನಂಬಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಅಂದಿನಿಂದ ಲ್ಯಾಪ್‌ಟಾಪು ಮುಚ್ಚಿತು, ಕೂಟ ತಪ್ಪಿತು, ನಮ್ಮಿಬ್ಬರ ಮಾತೂ ಸವೆದು ‘ಹೂಂ’ಗೆ ಬಂತು. ನನಗೆ ಭಾವನೂ ಬೇಕಿತ್ತು ಅಕ್ಕ, ಅವರು ನನ್ನ ಹೊಲಿಗೆ ಬ್ಲಾಗಿನಲ್ಲೂ ತಪ್ಪು ಹುಡುಕುತ್ತಿದ್ದರು. ಅವರು ಹೋದರು, ಅದು ನನ್ನ ಕೈಯಲ್ಲಿಲ್ಲ. ಬದುಕಿರುವ ನೀನೂ ಹೀಗೆ ಹೋಗುತ್ತಿರುವುದನ್ನು ನೋಡಲು ನನ್ನಿಂದಾಗುತ್ತಿಲ್ಲ.

ಕೂಟದವರೆಲ್ಲ ನಿನ್ನನ್ನು ಕೇಳಿದರು. ಕಂಡಕ್ಟರು, ಟೀಚರಮ್ಮನಿಗೆ ಸೀಟು ಹಿಡಿದಿಟ್ಟಿದೀವಿ ಅಂತ ಹೇಳಿ ಎಂದರು. ಮುಂದಿನ ಕೂಟಕ್ಕೆ ಬಾ. ನನಗೆ ಸ್ಕೂಟರು ಬರುವುದಿಲ್ಲ, ಆದರೆ ಆಟೊ ಹಿಡಿದು ಬಂದು ನಿನ್ನ ಮನೆಯ ಮುಂದೆ ನಿಲ್ಲುತ್ತೇನೆ. ಗಂಟೆ ಒತ್ತುವುದಿಲ್ಲ, ಬಾಗಿಲು ತಟ್ಟುತ್ತೇನೆ. ಯಾರೆಂದು ನಿನಗೆ ತಿಳಿಯುತ್ತದೋ ನೋಡೋಣ.

ಇಂತಿ ನಿನ್ನ,
ಜಗಳಗಂಟಿ ತಂಗಿ

ಮರೆತ ಮಾತು: ಮರೆತದ್ದಲ್ಲ. ಈ ಕಾಗದ ಶುರುಮಾಡಿದ್ದೇ ಇದನ್ನು ಬರೆಯಲು, ಧೈರ್ಯ ಸಾಲದೆ ಇಲ್ಲಿಯವರೆಗೆ ಎಳೆದುಕೊಂಡು ಬಂದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಕಸದ ಕಾಮೆಂಟುಗಳ ಕಾಟ ಹೆಚ್ಚಾದಾಗ ಕನ್ನಡಕದವರು ಕೂಟದಲ್ಲಿ ಭಾಷಣ ಮಾಡಿ, ಗುರುತಿಲ್ಲದವರು ಬರೆದದ್ದು ನಮ್ಮ ಒಪ್ಪಿಗೆಯಿಲ್ಲದೆ ಪ್ರಕಟವಾಗದಂತೆ ಎಲ್ಲರ ಬ್ಲಾಗಿಗೂ ಬೀಗ ಹಾಕಿಸಿದ್ದರಲ್ಲ. ನಿನ್ನ ಬ್ಲಾಗಿನಲ್ಲಿ ಹಾಗೆ ಒಪ್ಪಿಗೆಗೆ ಕಾದು ನಿಂತವುಗಳ ದೊಡ್ಡ ಸಾಲೇ ಇತ್ತು. ಕೂದಲು ಬೆಳೆಸುವ ಎಣ್ಣೆ, ಲಾಟರಿ, ಏನೇನೋ. ಹುಡುಗಿ ಎಲ್ಲ ಒಟ್ಟಿಗೆ ಅಳಿಸಲು ಬೆರಳು ಇಟ್ಟಾಗಿತ್ತು. ಕಂಡಕ್ಟರು, ತಡಿಯಮ್ಮಾ, ನಡುವೆ ನಮ್ಮವರೊಬ್ಬರು ಇದ್ದಾರೆ ಎಂದರು.

ಹೆಸರಿನ ಜಾಗದಲ್ಲಿ ‘ಪಕ್ಕದ ಕೋಣೆಯವನು’ ಎಂದಿತ್ತು. ಭಾವ ಕೊನೆಯ ಪೋಸ್ಟಿಗೆ ಬರೆದದ್ದು ಅಕ್ಕ, ಅದೇ ಸಂಜೆ. ಬೇರೆಯವರ ಫೋನಿನಿಂದ ಬರೆದದ್ದರಿಂದ ನಿನ್ನ ಬ್ಲಾಗು ಅವರನ್ನು ಗುರುತಿಸಲಿಲ್ಲ, ಹೊರಗೇ ನಿಲ್ಲಿಸಿಬಿಟ್ಟಿದೆ. ಸಾಲಿನಲ್ಲಿ ಮೊದಲ ಕೆಲವು ಮಾತು ಮಾತ್ರ ಕಾಣುತ್ತವೆ. ಕಂಡಷ್ಟನ್ನು ಇಲ್ಲಿ ಬರೆದಿದ್ದೇನೆ:

‘ನನ್ನ ಫೋನಿನಲ್ಲಿ ಚಾರ್ಜಿಲ್ಲ, ಪಕ್ಕದ ಹಾಸಿಗೆಯವರದ್ದು ಇಸಕೊಂಡೆ. ಲೇಖನದಲ್ಲಿ ಒಂದೇ ತಪ್ಪಿದೆ. ನೀನು ಹೆದರುತ್ತೀಯ ಅಂತ ಮುಚ್ಚಿಟ್ಟದ್ದಲ್ಲ, ನನಗೇ ಹೆದರಿಕೆಯಾಗಿತ್ತು. ನಾಳೆ ಬರುವಾಗ ಚಾರ್ಜರ್ ತಾ. ಇವತ್ತು ನೀನು ಸಿಟ್ಟು ಮಾಡಿಕೊಂಡು ಪಕ್ಕದಲ್ಲಿ ಕೂತಿದ್ದಾಗ ನನಗೆ’

ಅಲ್ಲಿಗೆ ಕತ್ತರಿಸಿದೆ. ಪೂರ್ತಿ ಓದಬೇಕಾದರೆ ಅದನ್ನು ತೆರೆಯಬೇಕು. ನಾನು ತೆರೆಯಲಿಲ್ಲ, ಯಾರಿಗೂ ತೆರೆಯಲು ಬಿಡಲಿಲ್ಲ. ಒಪ್ಪಿಗೆ ಕೊಡಬೇಕಾದವಳು ನೀನು.

ಕಂಪನಿ ಬಾಗಿಲು ಹಾಕುವುದು ತಿಂಗಳ ಕೊನೆಗೆ. ಆ ಇಸ್ತ್ರಿ ಬಟ್ಟೆಗಳನ್ನು ಇವತ್ತೇ ಬೀರುವಿನಲ್ಲಿ ಎತ್ತಿಡು.