ಬಿಳಿ ಚೀಟಿ ಅಂಟಿಸಿದ ಹೆಸರು

ನಾಗಾನೊ, ಜಪಾನ್
ಅಕ್ಟೋಬರ್ ೧೯

ಪ್ರೀತಿಯ ನೊರ್ಮಾ ಅಕ್ಕನಿಗೆ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಬಯ್ಯಬೇಡ. ಫೆಬ್ರವರಿಯಲ್ಲಿ ಕುನಿಹಿಕೊ ತೀರಿಕೊಂಡ ಮೇಲೆ ಈ ಮನೆಯಲ್ಲಿ ಪೆನ್ನು ಎಲ್ಲಿರುತ್ತದೆ ಎಂಬುದೂ ನನಗೆ ಗೊತ್ತಿಲ್ಲ ಎಂದು ತಿಳಿಯಿತು. "ಗಂಡನೇ ಇಲ್ಲದ ಮೇಲೆ ಅಲ್ಲಿ ನಿನಗೇನಿದೆ, ನಮ್ಮೂರು ಇಲೊಯಿಲೊಗೆ ಬಂದುಬಿಡು" ಎಂದು ನೀನು ಬರೆದಿದ್ದೆ. ಬರಲೋ ಇರಲೋ ಎಂದು ದಿನಾ ತೂಗುತ್ತಿದ್ದೇನೆ. ಇಲ್ಲಿ ಏನಿದೆ ಎಂದು ಹೇಳುತ್ತೇನೆ, ಕೇಳು.

ಇಲ್ಲಿ ತೊಕುನಾಗಾ ಎಂಬ ಪಕ್ಕದ ಮನೆಯ ಮಹಾತಾಯಿ ಇದ್ದಾಳೆ. ಪ್ರತಿ ಅಕ್ಟೋಬರಿನಲ್ಲಿ ನಮ್ಮ ಬೀದಿಯವರೆಲ್ಲ ಬಸ್ಸು ಮಾಡಿಕೊಂಡು ಚೆಸ್ಟ್‌ನಟ್ ಆರಿಸಲು ತೋಟಕ್ಕೆ ಹೋಗುತ್ತಾರಲ್ಲ, ಅದರ ಯಜಮಾನಿಕೆ ಅವಳದೇ. ಅವಳ ಕೈಯಲ್ಲೊಂದು ಪುಟ್ಟ ಬಾವುಟ, ಹಿಂದೆ ಅರವತ್ತು ದಾಟಿದವರ ಸಾಲು. ಹತ್ತು ನಿಮಿಷ ಆರಿಸುವುದು, ಒಂದು ಗಂಟೆ ಫೋಟೊ, ಆಮೇಲೆ ಅಂಗಡಿಯಲ್ಲಿ ಅದೇ ಕಾಯಿಯ ಮಿಠಾಯಿಗೆ ಮುಗಿಬೀಳುವುದು. ಊಟಕ್ಕೆ ಕೂತರೆ ವರ್ಷ ವರ್ಷವೂ ಅದೇ ಮಾತು: "ಅಯ್ಯೋ, ಪೆರ್ಲಾ ಅವ್ರು ಚಾಪ್‌ಸ್ಟಿಕ್ ಎಷ್ಟು ಚೆನ್ನಾಗಿ ಹಿಡೀತಾರೆ ನೋಡ್ರೀ!" ಇಪ್ಪತ್ತೊಂದು ವರ್ಷ, ಅಕ್ಕ! ಮಿಕ್ಕ ಹೆಂಗಸರಿಗೆಲ್ಲ ಮನೆತನದ ಹೆಸರು, ನಾನೊಬ್ಬಳು ಮಾತ್ರ ಪೆರ್ಲಾ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕುನಿಹಿಕೊ ಕಿವಿಯಲ್ಲಿ ಇವರನ್ನೆಲ್ಲ ಆಡಿಕೊಳ್ಳುತ್ತಿದ್ದೆ. ಅವನು "ಸಾಕು ಕಣೇ, ಕೇಳಿಸುತ್ತೆ" ಎಂದು ಕಾಯಿ ಸುಲಿದು ನನ್ನ ಬಾಯಿಗೆ ತುರುಕುತ್ತಿದ್ದ.

ಈ ವರ್ಷ ಯಾವತ್ತು ಹೊರಡುತ್ತಾರೆಂದೇ ಗೊತ್ತಾಗಲಿಲ್ಲ. ಕಳೆದ ಶನಿವಾರ ಬೆಳಿಗ್ಗೆ ಕಸದ ಚೀಲ ಹಿಡಿದು ಬೀದಿ ಮೂಲೆಗೆ ಹೋದರೆ ಬಸ್ಸು ಹೊರಟಿದೆ. ನನ್ನನ್ನು ಕಂಡದ್ದೇ ತಡ, ಕಿಟಕಿ ಕಿಟಕಿಯಲ್ಲೂ ಎಲ್ಲರೂ ಒಟ್ಟಿಗೆ ತಲೆ ಬಾಗಿಸಿದರು. ಎಂಥ ಸಂಸ್ಕಾರ! ಬಿಟ್ಟು ಹೋಗುವಾಗಲೂ ಮರ್ಯಾದೆಗೆ ಕಡಿಮೆಯಿಲ್ಲ. ನಾಚಿಕೆಗೇಡು ನೋಡು, ಚೀಲ ಹಿಡಿದುಕೊಂಡೇ ನಾನೂ ಬಾಗಿದೆ.

ಸಂಜೆ ತೊಕುನಾಗಾ ಒಂದು ಡಬ್ಬಿ ಕಾಯಿ ತಂದುಕೊಟ್ಟಳು. ಡಬ್ಬಿ ಬರಿದಾಗಿ ಹಿಂದಿರುಗಿಸುವಂತಿಲ್ಲವಲ್ಲ, ಮರುದಿನ ನಮ್ಮ ತೆಂಗಿನಹಾಲಿನ ಸಿಹಿ ಅನ್ನ ತುಂಬಿಕೊಂಡು ಹೋದೆ. ಅವಳ ಚಪ್ಪಲಿ ಕಪಾಟಿನ ಮೇಲೆ ಸುತ್ತೋಲೆ ಹಲಗೆ ಇತ್ತು. ಬೀದಿಯ ಸುದ್ದಿ ಸಿಕ್ಕಿಸಿದ್ದನ್ನು ಓದಿ, ಮುದ್ರೆ ಒತ್ತಿ, ಮುಂದಿನ ಮನೆಗೆ ದಾಟಿಸುತ್ತೇವಲ್ಲ, ಅದು. ಆರು ತಿಂಗಳಿಂದ ನನ್ನ ಬಾಗಿಲಿಗೆ ಬಂದಿರಲಿಲ್ಲ. ನೋಡಿದರೆ, ಮನೆಗಳ ಪಟ್ಟಿಯಲ್ಲಿ ನಮ್ಮ ಮನೆತನದ ಹೆಸರು 'ಸೊನೊದಾ' ಎಂದಿದ್ದ ಕಡೆ ಬಿಳಿ ಚೀಟಿ ಅಂಟಿಸಿದ್ದಾರೆ. ಒಂದು ಸುಕ್ಕಿಲ್ಲ, ಅಷ್ಟು ಅಚ್ಚುಕಟ್ಟು.

"ಏನಿದು?" ಎಂದೆ.

"ಸೂತಕದ ವರ್ಷ ಅಲ್ವಾ, ಮೋಜಿಗೆಲ್ಲ ಕರೆದು ತೊಂದ್ರೆ ಕೊಡಬಾರದು ಅಂತ... ಹೇಗಿದ್ರೂ ಸೊನೊದಾ ಅವ್ರು ಹೋಗ್ಬಿಟ್ರು. ನೀವು ಊರಿಗೆ ವಾಪಸ್ ಯಾವಾಗ, ಪೆರ್ಲಾ ಅವ್ರೇ?"

"ನಾನೂ ಸೊನೊದಾನೇ ಕಣ್ರೀ."

"ಓ, ಅದೂ ಹೌದು!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅವಳ ಮುಂದೆಯೇ ಉಗುರಿನಿಂದ ಚೀಟಿ ಕಿತ್ತೆ. ಜೊತೆಗೆ ಅರ್ಧ ಹೆಸರೂ ಕಿತ್ತು ಬಂತು. ಹಲಗೆಯನ್ನು ಮನೆಗೆ ತಂದು, ಹರಿದ ಜಾಗದ ಮೇಲೆಯೇ 'ಸೊನೊದಾ' ಎಂದು ಕೆತ್ತಿದ ನಮ್ಮ ಮನೆಯ ಮುದ್ರೆ ಒತ್ತಿ, ಮುಂದಿನ ಮನೆಗೆ ಕೊಟ್ಟು ಬಂದೆ. ಎಲ್ಲರೂ ನೋಡಲಿ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮೊಮ್ಮಕ್ಕಳಿಗೆ ನನ್ನ ಮುತ್ತು. ಮಾತೆ ಮರಿಯಮ್ಮ ನಿಮ್ಮನ್ನೆಲ್ಲ ತಂಪಾಗಿಟ್ಟಿರಲಿ.

ನಿನ್ನ ತಂಗಿ,
ಪೆರ್ಲಾ ಸೊನೊದಾ

ತಾ.ಕ.: ಲಕೋಟೆಗೆ ಹಾಕುವಾಗ ನೋಡಿದರೆ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆದಿಲ್ಲ. ತೊಕುನಾಗಾಳನ್ನು ಎಷ್ಟೊಂದು ಬೈದೆ! ಆದರೆ ಅಕ್ಕ, ಅಮ್ಮನ ಮಣ್ಣಿಗೆಂದು ಇಲೊಯಿಲೊಗೆ ಬಂದಾಗ ನಾನಿನ್ನೂ ಕೈಯಲ್ಲಿದ್ದ ಸೂಟ್‌ಕೇಸ್ ಕೆಳಗಿಟ್ಟಿರಲಿಲ್ಲ. ಬಾಗಿಲಲ್ಲೇ ತಬ್ಬಿಕೊಂಡು ನೀನು ಕೇಳಿದ ಮೊದಲ ಮಾತು ನಿನಗೆ ನೆನಪಿದೆಯಾ? "ವಾಪಸ್ ಯಾವಾಗ?"